ನಾಲ್ಕು ಜನ, ಒಂದು ಶೆಡ್, ನಾಲ್ಕು ಬೇಸ್ ಗಿಟಾರ್: ಹಲಸಿನ ಮರ ನಡೆಯುತ್ತಾ?

ಹಲಸಿನಹಲಗೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಪೀಣ್ಯದ ಹತ್ತಿರ ನಾವು ನಾಲ್ಕು ಜನ ಸೇರಿ ಒಂದು ಶೆಡ್ ಬಾಡಿಗೆಗೆ ಹಿಡಿದಿದ್ದೇವೆ. ಬ್ಯಾಂಡ್‌ಸಾ, ಡ್ರಿಲ್ ಪ್ರೆಸ್, ಒಂದು ರೌಟರ್, ಸಣ್ಣದೊಂದು ಪ್ಲೇನರ್ ಇವೆ. ಯಾರೂ ಕಸುಬಿನ ಬಡಗಿಗಳಲ್ಲ. ವಾರದ ಕೊನೆಗೆ ಬಂದು ಸ್ಟೂಲು, ಕಪಾಟು, ಮಕ್ಕಳ ಮೇಜು ಅಂತ ಮಾಡುತ್ತಿದ್ದೆವು. ಈಗ ನಾಲ್ವರಿಗೂ ಒಂದೇ ಆಸೆ ಹತ್ತಿದೆ. ತಲಾ ಒಂದು ಎಲೆಕ್ಟ್ರಿಕ್ ಬೇಸ್ ಗಿಟಾರ್ ಮಾಡಬೇಕು.

ಆಕಾರ ಅಮೆರಿಕದ ಫೆಂಡರ್ ಕಂಪನಿಯ ಜಾಝ್ ಬೇಸ್ ಥರದ್ದು. ನಾಲ್ಕು ತಂತಿ, 34 ಇಂಚಿನ ಸ್ಕೇಲ್ (ನುಡಿಯುವ ತಂತಿಯ ಉದ್ದ), ಸ್ಕ್ರೂ ಹಾಕಿ ಕೂರಿಸುವ ನೆಕ್ (ಎಡಗೈ ಓಡಾಡುವ ಉದ್ದನೆಯ ಕತ್ತು). ತೀರ್ಥಹಳ್ಳಿಯ ಅಜ್ಜಿ ಮನೆಯಿಂದ ಬಂದ ಎರಡಿಂಚು ದಪ್ಪದ ಹಲಸಿನ ಹಲಗೆಗಳು ನನ್ನ ಹತ್ತಿರ ಇವೆ. ಕೊಯ್ದು ಅಟ್ಟದ ಮೇಲೆ ಇಟ್ಟು ವರ್ಷಗಳಾಗಿವೆ. ಗಿಟಾರ್‌ನ ಬಾಡಿ ಮಾಡಲು ಹಲಸು ನಡೆಯುತ್ತಾ? ನೆಕ್‌ಗೆ ಇಲ್ಲಿ ಸಿಗುವ ಯಾವ ಮರ ಒಳ್ಳೆಯದು? ಮೇಪಲ್ ತರಿಸಿದರೆ ಖರ್ಚು ಕೈ ಮೀರುತ್ತದೆ. ಇನ್ನೊಂದು ವಿಷಯ. ನಾಲ್ಕನ್ನೂ ಒಟ್ಟಿಗೆ ಮಾಡಬೇಕಾ, ಒಂದು ಮುಗಿಸಿ ಇನ್ನೊಂದು ಹಿಡಿಯಬೇಕಾ?

ಉಳಿಕೊಡತಿ, ಮೈಸೂರು

ಹಲಸು ಧಾರಾಳವಾಗಿ ನಡೆಯುತ್ತದೆ. ಬಾಡಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಯೋಚನೆಯಲ್ಲಿ ಮುಕ್ಕಾಲು ಪಾಲು ನೆಕ್‌ಗೆ ಕೊಡಿ.

ಯಾಕೆ ಅಂತ ಹೇಳುತ್ತೇನೆ. 45-65-85-105ರ (ಇಂಚಿನ ಸಾವಿರದ ಭಾಗದಲ್ಲಿ ತಂತಿಗಳ ದಪ್ಪ) ಸಾಮಾನ್ಯ ತಂತಿ ಸೆಟ್ ಹಾಕಿ ಶ್ರುತಿಗೆ ತಂದರೆ ನಾಲ್ಕೂ ಸೇರಿ ಸುಮಾರು 80 ಕಿಲೋ ಎಳೆತ ಬರುತ್ತದೆ. ಅಷ್ಟನ್ನೂ ತಡೆಯಬೇಕಾದ್ದು ಕೇವಲ 21-22 ಮಿಲಿಮೀಟರ್ ದಪ್ಪದ ಒಂದು ಕಡ್ಡಿ. ಹಗಲೂ ರಾತ್ರಿ, ಮಳೆಗಾಲ ಬೇಸಿಗೆ ಎರಡರಲ್ಲೂ. ಬಾಡಿ 45 ಮಿಲಿಮೀಟರ್ ದಪ್ಪದ ಗಟ್ಟಿ ಹಲಗೆ, ಅದು ಎಲ್ಲಿಗೂ ಹೋಗಲ್ಲ. ನೆಕ್ ಅರ್ಧ ಮಿಲಿಮೀಟರ್ ಬಾಗಿದರೂ ನುಡಿಸುವವನ ಕೈಗೆ ಗೊತ್ತಾಗುತ್ತದೆ.

ಇಲ್ಲಿನ ಮರದಲ್ಲಿ ನೆಕ್‌ಗೆ ನನ್ನ ಆಯ್ಕೆ ತೇಗ. ಗಟ್ಟಿತನದಲ್ಲಿ ಮೇಪಲ್‌ಗೆ ತೀರಾ ಹಿಂದೆ ಇಲ್ಲ. ಹವೆ ಬದಲಾದರೂ ಹಿಗ್ಗುವುದು ಕುಗ್ಗುವುದು ಕಡಿಮೆ. ಒಂದೇ ತುಂಡಿನಲ್ಲಿ ಮಾಡಬೇಡಿ. ಮೂರು ಪಟ್ಟಿ ಸೀಳಿ, ಮಧ್ಯದ ಪಟ್ಟಿಯ ಎಳೆ ತಿರುಗಿಸಿ ಅಂಟಿಸಿ. ಒಂದು ಪಟ್ಟಿ ಎಡಕ್ಕೆ ತಿರುಚಲು ಹೊರಟರೆ ಪಕ್ಕದ್ದು ತಡೆಯುತ್ತದೆ. ನಡುವೆ ತೆಳುವಾದ ಬೀಟೆಯ ಪಟ್ಟಿ ಸೇರಿಸಿದರೆ ಇನ್ನೂ ಗಟ್ಟಿ, ನೋಡಲೂ ಚೆನ್ನ.

ತೇಗದಲ್ಲಿ ಎರಡು ತೊಂದರೆ ಇವೆ. ಮರದಲ್ಲಿ ಎಣ್ಣೆ ಅಂಶ ಜಾಸ್ತಿ, ಅಂಟು ಹಿಡಿಯಲ್ಲ. ಹೊಸದಾಗಿ ಹತ್ತರಿ ಹೊಡೆದ ಮೈಗೆ ಅಸಿಟೋನ್ ಒರೆಸಿ, ಅದು ಆರಿದ ತಕ್ಷಣ ಅಂಟಿಸಬೇಕು. ಮರುದಿನಕ್ಕೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಎರಡನೆಯದು, ತೇಗದೊಳಗೆ ಸಿಲಿಕಾ ಇರುತ್ತದೆ. ಉಳಿಯ ಬಾಯಿ, ರೌಟರ್ ಬಿಟ್ ಎರಡೂ ಬೇಗ ಮೊಂಡಾಗುತ್ತವೆ. ಸಾಣೆಕಲ್ಲು ಪಕ್ಕದಲ್ಲೇ ಇರಲಿ.

ತಂತಿಪ್ರಿಯ, ಹುಬ್ಬಳ್ಳಿ

ನಾನು ನುಡಿಸುವವನು, ಮರಗೆಲಸ ಇತ್ತೀಚೆಗೆ ಶುರು ಮಾಡಿದ್ದು. ಉಳಿಕೊಡತಿ ಸರ್ ಮಾತಿಗೆ ಒಂದು ಸೇರಿಸುತ್ತೇನೆ. ಹಲಸು ಚೆನ್ನಾಗಿ ಕೇಳುತ್ತಾ, ತೇಗ ಚೆನ್ನಾಗಿ ಕೇಳುತ್ತಾ ಅಂತ ಜಗಳ ನಡೆಯುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಬೇಸ್‌ನಲ್ಲಿ ಪಿಕಪ್ ಹಿಡಿಯುವುದು ತಂತಿಯ ಅಲುಗಾಟವನ್ನು. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಅಲುಗಿದಾಗ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಮರ ತನ್ನ ಪ್ರಭಾವ ತೋರಿಸಬೇಕಾದರೆ ತಂತಿಯ ಅಲುಗಾಟವನ್ನೇ ಬದಲಿಸಬೇಕು. ಅದು ಎಲ್ಲಕ್ಕಿಂತ ಜಾಸ್ತಿ ಆಗುವುದು ನೆಕ್‌ನಲ್ಲಿ.

ಇದನ್ನು ಯಾರು ಬೇಕಾದರೂ ಕೇಳಿ ನೋಡಬಹುದು. ಅಂಗಡಿಯಲ್ಲಿ ಯಾವುದಾದರೂ ಜಾಝ್ ಬೇಸ್ ಕೈಗೆತ್ತಿಕೊಳ್ಳಿ. ಎಲ್ಲಕ್ಕಿಂತ ತೆಳುವಾದ ಜಿ ತಂತಿಯಲ್ಲಿ ಒಂದೊಂದೇ ಫ್ರೆಟ್ (ನೆಕ್ ಮೇಲಿನ ಲೋಹದ ಮೆಟ್ಟು) ನುಡಿಸುತ್ತಾ ಹೋಗಿ, ಪ್ರತಿಯೊಂದನ್ನೂ ತಾನಾಗಿ ನಿಲ್ಲುವವರೆಗೆ ಬಿಡಿ. ಹೆಚ್ಚಿನ ಬೇಸ್‌ಗಳಲ್ಲಿ ಐದರಿಂದ ಏಳನೇ ಫ್ರೆಟ್ ನಡುವೆ ಎಲ್ಲೋ ಒಂದು ಕಡೆ ಸ್ವರ ಥಟ್ಟನೆ ಸತ್ತುಹೋಗುತ್ತದೆ. ಡೆಡ್ ಸ್ಪಾಟ್ ಅನ್ನುವುದು ಇದಕ್ಕೇ. ತೆರೆದ ಜಿ ತಂತಿ 98 ಹರ್ಟ್ಜ್. ಐದನೇ ಫ್ರೆಟ್ ಹತ್ತಿರ ಹತ್ತಿರ 131, ಏಳನೆಯದು 147. ನೆಕ್ ತಾನೇ ಅಲುಗಲು ಇಷ್ಟಪಡುವ ವೇಗ ಇದರ ಆಸುಪಾಸಿನಲ್ಲಿ ಬಿದ್ದರೆ, ತಂತಿಯ ಶಕ್ತಿಯನ್ನೆಲ್ಲ ನೆಕ್ ಹೀರಿಕೊಂಡು ಬಿಡುತ್ತದೆ. ನೆಕ್‌ನ ತುದಿಯ ಹೆಡ್‌ಸ್ಟಾಕ್‌ಗೆ ಒಂದು ಸಣ್ಣ ಜಿ-ಕ್ಲಾಂಪ್ ಕಚ್ಚಿಸಿ ಮತ್ತೆ ನುಡಿಸಿ. ಸತ್ತ ಜಾಗ ಬೇರೆ ಕಡೆ ಸರಿದಿರುತ್ತದೆ. ಮರದ ಜಾತಿ ಬದಲಾಗಿಲ್ಲ, ತುದಿಯ ತೂಕ ಮಾತ್ರ ಬದಲಾಯಿತು, ಅಲ್ವಾ?

ಅದಕ್ಕೇ ನೆಕ್ ಆದಷ್ಟು ಬಿಗಿಯಾಗಿರಲಿ, ತಂತಿ ಬಿಗಿಯುವ ಟ್ಯೂನರ್ ಹಗುರವಾದದ್ದು ಹಾಕಿ ಅನ್ನುತ್ತೇನೆ. ಬಾಡಿಯ ಮರ ತೂಕಕ್ಕೆ ಮತ್ತು ಕಣ್ಣಿಗೆ.

ಮಲೆನಾಡಮರ, ಶಿರಸಿ

ತೂಕದ ಮಾತು ಬಂತು, ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಬಾಡಿ ಮಾಡಲು ಬೇಕಾದ ಹಲಗೆ 20 ಇಂಚು ಉದ್ದ, 14 ಅಗಲ, ಒಂದೂಮುಕ್ಕಾಲು ದಪ್ಪ. ಅಂದರೆ 490 ಘನ ಇಂಚು, ಸಾಮಿಲ್ ಲೆಕ್ಕದಲ್ಲಿ ಕಾಲು ಸಿಎಫ್‌ಟಿಗಿಂತ (ಘನ ಅಡಿ) ಸ್ವಲ್ಪ ಮೇಲೆ. ಆಕಾರ ಕತ್ತರಿಸಿ ತೆಗೆದ ಮೇಲೆ ಉಳಿಯುವುದು ಸುಮಾರು ಐದು ಲೀಟರ್ ಮರ.

ಒಣಗಿದ ಹಲಸು ಲೀಟರಿಗೆ ಹೆಚ್ಚುಕಡಿಮೆ 600-650 ಗ್ರಾಂ ತೂಗುತ್ತದೆ. ಬಾಡಿಯೊಂದೇ ಮೂರು ಕಿಲೋ ದಾಟುತ್ತದೆ. ನೆಕ್, ಟ್ಯೂನರ್, ಬಾಡಿಯ ಮೇಲೆ ತಂತಿ ಹಿಡಿಯುವ ಬ್ರಿಡ್ಜ್, ಪಿಕಪ್ ಸೇರಿ ಇನ್ನೂ ಒಂದೂವರೆ ಕಿಲೋ. ಒಟ್ಟು ನಾಲ್ಕೂವರೆಯಿಂದ ಐದು ಕಿಲೋ. ಎರಡು ತಾಸು ಹೆಗಲ ಮೇಲೆ ಹಾಕಿಕೊಂಡು ನಿಲ್ಲುವವರಿಗೆ ಇದು ಜಾಸ್ತಿ. ಅದೇ ಗಂಧಗರಿಗೆ ಮರವಾದರೆ ಲೀಟರಿಗೆ 450-500 ಗ್ರಾಂ, ಮುಕ್ಕಾಲು ಕಿಲೋ ಉಳಿಯುತ್ತದೆ. ಕೆಂಪು ಛಾಯೆ, ಸಲೀಸಾಗಿ ಕೆತ್ತಬಹುದು, ಕೆತ್ತುವಾಗ ಒಳ್ಳೆಯ ವಾಸನೆ. ನಮ್ಮ ಕಡೆ ಹಳೇ ಪೆಟ್ಟಿಗೆಗಳನ್ನು ಇದರಲ್ಲೇ ಮಾಡುತ್ತಿದ್ದರು. ಕಾಫಿ ತೋಟಗಳ ಸಿಲ್ವರ್ ಓಕ್ ಕೂಡ ಆಗಬಹುದು. ಅದರ ಮೈಮೇಲಿನ ಚುಕ್ಕೆ ಚುಕ್ಕೆ ಹೊಳಪು ಬೇರೆ ಯಾವ ಮರದಲ್ಲೂ ನಾನು ಕಂಡಿಲ್ಲ. ಆದರೆ ಸರಿಯಾಗಿ ಒಣಗಿಸದೇ ಇದ್ದರೆ ಬಾಗುತ್ತದೆ, ಜಾಗ್ರತೆ.

ಹಲಸೇ ಬೇಕು ಅಂತಿದ್ದರೆ ಹಿಂಬದಿಯಿಂದ ಒಳಗೆ ಕೊರೆದು ಖಾಲಿ ಜಾಗ ಮಾಡಿ, ಮೇಲೆ ಐದಾರು ಮಿಲಿಮೀಟರಿನ ಮುಚ್ಚಳ ಅಂಟಿಸಿ. ಬ್ರಿಡ್ಜ್ ಕೂರುವ ನಡುಭಾಗ ಮತ್ತು ನೆಕ್ ಕೂರುವ ಜಾಗ ಮಾತ್ರ ತುಂಬಿರಲಿ.

ಬೀಟೆ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ತೇಗಕ್ಕೂ ಅಷ್ಟೇ. ‘ಊರಿಂದ ಒಂದು ತುಂಡು ಕಾರಿನಲ್ಲಿ ಹಾಕಿಕೊಂಡು ಬರುತ್ತೇನೆ’ ಅನ್ನುವುದು ಬೇಡ. ಬಿಲ್ ಕೊಡುವ ಟಿಂಬರ್ ಡಿಪೋದಲ್ಲೇ ಕೊಳ್ಳಿ, ಬಿಲ್ ಜೋಪಾನವಾಗಿಡಿ. ಪಶ್ಚಿಮ ಘಟ್ಟದ ಈ ಮರ ಜಗತ್ತಿನ ಗಿಟಾರ್‌ಗಳ ಫ್ರೆಟ್‌ಬೋರ್ಡ್ (ನೆಕ್ ಮೇಲೆ ಅಂಟಿಸಿ ಫ್ರೆಟ್ ಕೂರಿಸುವ ಪಟ್ಟಿ) ಆಗಿ ಹೋಗಿದೆ. ಕಾಡಿನಲ್ಲಿ ದೊಡ್ಡ ಬೀಟೆ ಮರ ಕಾಣುವುದೇ ಅಪರೂಪ ಆಗಿದೆ. 2017ರ ಜನವರಿಯಲ್ಲಿ ಬೀಟೆಯ ಕುಲದ ಬಹುತೇಕ ಎಲ್ಲ ಮರಗಳೂ ಸೈಟಿಸ್ ಒಪ್ಪಂದದ (ಅಳಿವಿನ ಅಪಾಯದ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿ ಬಂದವು. ಗಡಿ ದಾಟಿಸುವ ಗಿಟಾರ್‌ಗೂ ಕಾಗದಪತ್ರ ಬೇಕಾಯಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರ್‌ನಲ್ಲಿ. ಹಲಗೆಗೆ ಆ ವಿನಾಯಿತಿ ಇಲ್ಲ.

ಮಿಶಿಗನ್‌ಕನ್ನಡಿಗ

ಮಲೆನಾಡಮರ ಅವರು ಹೇಳಿದ್ದು ಓದಿ ಇಲ್ಲಿಯ ಕತೆ ಬರೆಯಬೇಕು ಅನ್ನಿಸಿತು. ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಬಾಡಿ ಆ್ಯಶ್ ಮರದ್ದು, ನೆಕ್ ಮೇಪಲ್. ಆ್ಯಶ್ ಅಂದರೆ ಅಮೆರಿಕದ ಬೇಸ್‌ನ ಮೂಲ ಮರ ಅಂತಲೇ ಹೇಳಬಹುದು. ನಾನಿರುವ ಮಿಶಿಗನ್‌ನಲ್ಲಿ 2002ರಲ್ಲಿ ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ದುಂಬಿ ಪತ್ತೆಯಾಯಿತು, ಏಷ್ಯಾದಿಂದ ಬಂದದ್ದು. ಅದರ ಮರಿಗಳು ತೊಗಟೆಯ ಕೆಳಗೆ ಸುರಂಗ ಕೊರೆಯುತ್ತವೆ. ಮರದ ಆಹಾರದ ದಾರಿಯೇ ಕಡಿದುಹೋಗುತ್ತದೆ. ನಮ್ಮ ಬೀದಿಯಲ್ಲಿ ಆ್ಯಶ್ ಮರ ಇದ್ದ ಜಾಗದಲ್ಲಿ ಈಗ ಬೇರೆ ಸಸಿಗಳಿವೆ. 2020ರಲ್ಲಿ ಫೆಂಡರ್ ಕಂಪನಿಯೇ ತನ್ನ ಹೆಚ್ಚಿನ ಮಾದರಿಗಳಲ್ಲಿ ಆ್ಯಶ್ ಬಳಸುವುದು ನಿಲ್ಲಿಸುವುದಾಗಿ ಹೇಳಿತು.

ಅಲ್ಲಿ ಏನು ಬೆಳೆಯುತ್ತದೋ ಅದರಲ್ಲಿ ಮಾಡಿ. ಫೆಂಡರ್ ಮಾಡಿದ್ದೂ ಅದನ್ನೇ. ತಮ್ಮ ದೇಶದಲ್ಲಿ ಸುಲಭವಾಗಿ ಸಿಗುವ ಮರ ಹಿಡಿದರು. ಹಲಸಿನ ಬೇಸ್ ನೋಡಲು ನನಗಂತೂ ತುಂಬಾ ಆಸೆ ಇದೆ.

ಮೇಳದಮನೆ, ಮೈಸೂರು

ನಾನು ವೀಣೆ ರಿಪೇರಿ ಕಲಿಯುತ್ತಿರುವವಳು. ಹಲಸಿನ ವಿಷಯಕ್ಕೆ ಬರದೇ ಇರಲು ಆಗಲಿಲ್ಲ. ವೀಣೆಯ ಕೊಡ, ಮೃದಂಗದ ಗೂಡು, ಎರಡಕ್ಕೂ ಹಲಸೇ. ಏಕಾಂಡ ವೀಣೆಯಲ್ಲಂತೂ ಕೊಡ, ದಂಡಿ ಎಲ್ಲ ಒಂದೇ ದಿಮ್ಮಿಯಿಂದ ತೆಗೆಯುತ್ತಾರೆ. ಹಾಗಾಗಿ ಹಲಸಿಗೆ ತಂತಿ ಕಟ್ಟುವುದು ನಮಗೆ ಹೊಸದಲ್ಲ.

ಹೊಸದಾಗಿ ಕೆತ್ತಿದ ಹಲಸು ಹಳದಿ ಇರುತ್ತದೆ, ಅರಿಶಿನಕ್ಕೆ ಹತ್ತಿರದ ಬಣ್ಣ. ಬೆಳಕು ಬಿದ್ದ ಹಾಗೆ ಕಂದು ಕೆಂಪಿಗೆ ತಿರುಗುತ್ತದೆ. ಫಿನಿಶ್ ಹಾಕುವ ಮುಂಚೆ ಬಾಡಿಯನ್ನು ಕಿಟಕಿ ಪಕ್ಕ ಇಟ್ಟು, ಆಗಾಗ ಮಗ್ಗುಲು ಬದಲಿಸಿ. ಪಿಕ್‌ಗಾರ್ಡ್ ಮುಚ್ಚಿದ ಜಾಗ ಒಂದು ಬಣ್ಣ, ಉಳಿದದ್ದು ಇನ್ನೊಂದು ಬಣ್ಣ ಆಗುವುದು ತಪ್ಪುತ್ತದೆ. ಎಳೆ ಕೆಲವು ಕಡೆ ಹೆಣೆದುಕೊಂಡಿರುತ್ತದೆ. ಹತ್ತರಿ ಒಂದು ದಿಕ್ಕಿನಲ್ಲಿ ನುಣ್ಣಗೆ ಹೋಗಿ, ಒಂದು ಗೇಣು ಮುಂದೆ ಸಿಬಿರು ಎಬ್ಬಿಸುತ್ತದೆ. ಅಂಥ ಕಡೆ ಹತ್ತರಿ ಬಿಟ್ಟು ಉಕ್ಕಿನ ಸ್ಕ್ರೇಪರ್‌ನಲ್ಲಿ ಕೆರೆಯಬೇಕು.

ಇನ್ನೊಂದು ಆಸೆಯ ಮಾತು. ನಾಲ್ಕರಲ್ಲಿ ಒಂದನ್ನಾದರೂ ಫ್ರೆಟ್ ಇಲ್ಲದೇ ಮಾಡಿ. ವೀಣೆಯಲ್ಲಿ ಮೇಣದ ಮೇಲೆ 24 ಮೆಟ್ಟುಗಳನ್ನು ಕಿವಿಯಿಂದ ಕೇಳಿ ಕೂರಿಸುತ್ತೇವೆ, ಗಮಕಕ್ಕೆ ತಂತಿಯನ್ನು ಪಕ್ಕಕ್ಕೆ ಎಳೆಯುತ್ತೇವೆ. ಬೇಸ್‌ನ ದಪ್ಪ ತಂತಿಯನ್ನು ಅಷ್ಟು ಎಳೆಯಲು ಆಗಲ್ಲ. ಫ್ರೆಟ್ ಇಲ್ಲದಿದ್ದರೆ ಬೆರಳು ಜಾರಿಸಿಯೇ ಗಮಕ ಬರುತ್ತದೆ. ತೋಡಿಯ ಗಾಂಧಾರವನ್ನು ಅಷ್ಟು ಕೆಳಗಿನ ಸ್ಥಾಯಿಯಲ್ಲಿ ಕೇಳಬೇಕು, ಮೈ ಜುಮ್ ಅನ್ನುತ್ತದೆ.

ತಂತಿಪ್ರಿಯ, ಹುಬ್ಬಳ್ಳಿ

ಮೇಳದಮನೆ ಮೇಡಂ, ನೂರಕ್ಕೆ ನೂರು ಒಪ್ಪುತ್ತೇನೆ. ಫ್ರೆಟ್ ಇಲ್ಲದ ಬೇಸ್‌ಗೆ ಹೆಸರಾದ ಅಮೆರಿಕದ ವಾದಕ ಜಾಕೋ ಪಾಸ್ಟೋರಿಯಸ್ ತಮ್ಮ ಜಾಝ್ ಬೇಸ್‌ನಲ್ಲಿ ಫ್ರೆಟ್ ಕಿತ್ತ ಸಂದುಗಳನ್ನು ತುಂಬಿ, ಮೇಲೆ ದೋಣಿಗೆ ಹಚ್ಚುವ ಎಪಾಕ್ಸಿ ಬಳಿದುಕೊಂಡಿದ್ದರು. ದುಂಡು ಸುತ್ತಿನ ಉಕ್ಕಿನ ತಂತಿ ಬರೀ ಮರವನ್ನು ಅರದ ಥರ ತಿನ್ನುತ್ತದೆ. ಫ್ರೆಟ್‌ಲೆಸ್ ಮಾಡುವವರು ಬೀಟೆಯ ಫ್ರೆಟ್‌ಬೋರ್ಡ್ ಮೇಲೆ ಎಪಾಕ್ಸಿ ಹಾಕಿ, ಇಲ್ಲಾ ಚಪ್ಪಟೆ ಸುತ್ತಿನ ಫ್ಲಾಟ್‌ವೌಂಡ್ ತಂತಿ ಬಳಸಿ.

ಉಳಿಕೊಡತಿ, ಮೈಸೂರು

ಒಟ್ಟಿಗೆ ಮಾಡಬೇಕಾ, ಒಂದೊಂದಾಗಿಯಾ ಅಂತ ಕೇಳಿದ್ದಿರಿ. ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಒಟ್ಟಿಗೇ ಮಾಡಿ. ಹಂಚಿಕೊಂಡ ಶೆಡ್‌ನ ನಿಜವಾದ ಲಾಭ ಇರುವುದು ಇಲ್ಲೇ.

ಬೇಸ್ ಮಾಡುವುದರಲ್ಲಿ ಅರ್ಧ ಕೆಲಸ ಮರದ ಮೇಲೆ ಅಲ್ಲ, ಟೆಂಪ್ಲೇಟ್ ಮೇಲೆ. 12 ಮಿಲಿಮೀಟರ್ ಎಂಡಿಎಫ್‌ನಲ್ಲಿ ಬಾಡಿಯ ಆಕಾರ, ಪಿಕಪ್ ಗುಂಡಿ, ಹಿಂಬದಿಯ ವೈರಿಂಗ್ ಗುಂಡಿ ಎಲ್ಲ ಕತ್ತರಿಸಿ, ಅಂಚನ್ನು ಉಪ್ಪುಕಾಗದದಲ್ಲಿ ನುಣ್ಣಗೆ ಮಾಡಬೇಕು. ಟೆಂಪ್ಲೇಟ್‌ನಲ್ಲಿ ಒಂದು ಉಬ್ಬು ಉಳಿದರೆ ಬೇರಿಂಗ್ ಬಿಟ್ ಅದನ್ನು ಮರದ ಮೇಲೆ ಹಾಗೇ ಬರೆಯುತ್ತದೆ. ಇಷ್ಟು ಶ್ರಮ ಒಂದು ಬೇಸ್‌ಗೂ ಅಷ್ಟೇ, ನಾಲ್ಕಕ್ಕೂ ಅಷ್ಟೇ. ಫ್ರೆಟ್ ಸಂದು ಕೊಯ್ಯುವ ಗರಗಸ, ಫ್ರೆಟ್‌ಬೋರ್ಡ್‌ನ ದುಂಡು ಉಜ್ಜುವ ರೇಡಿಯಸ್ ಬ್ಲಾಕ್, ಫ್ರೆಟ್ ತುದಿ ಕತ್ತರಿಸುವ ಇಕ್ಕಳ, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಇವುಗಳನ್ನು ಒಬ್ಬೊಬ್ಬರೂ ಕೊಂಡರೆ ದುಡ್ಡು ದಂಡ. ನಾಲ್ವರು ಸೇರಿ ಒಂದೊಂದು ಕೊಂಡರೆ ಒಳ್ಳೆಯದೇ ಕೊಳ್ಳಬಹುದು.

ಎಲ್ಲಕ್ಕಿಂತ ದೊಡ್ಡದು ಇನ್ನೊಂದು ಕಣ್ಣು. ನೆಕ್ ಕೂರುವ ಗುಂಡಿ 16 ಮಿಲಿಮೀಟರ್ ಆಳ, ನೆಕ್‌ನ ಬುಡ ಸುಮಾರು ಒಂದಿಂಚು ದಪ್ಪ. ಗುಂಡಿ ಎಷ್ಟು ಬಿಗಿ ಇರಬೇಕು ಅಂದರೆ, ಸ್ಕ್ರೂ ಹಾಕುವ ಮುಂಚೆ ನೆಕ್ ಹಿಡಿದು ಎತ್ತಿದರೆ ಬಾಡಿಯೂ ಜೊತೆಗೆ ಮೇಲೆ ಬರಬೇಕು. ತಾನೇ ಮಾಡಿದವನಿಗೆ ಸ್ವಲ್ಪ ಸಡಿಲ ಇದ್ದರೂ ‘ನಡೆಯುತ್ತೆ ಬಿಡು’ ಅನ್ನಿಸುತ್ತದೆ. ಪಕ್ಕದಲ್ಲಿ ನಿಂತವನು ಬಿಡಲ್ಲ.

ಫ್ರೆಟ್ ಗುರುತು ಹಾಕುವ ದಿನ ನಾಲ್ವರೂ ಇರಿ. 34 ಇಂಚು ಅಂದರೆ 863.6 ಮಿಲಿಮೀಟರ್. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್‌ನ ದೂರ ಸಿಗುತ್ತದೆ, 48.47. ಉಳಿದ ಉದ್ದವನ್ನು ಮತ್ತೆ 17.817ರಿಂದ ಭಾಗಿಸಿ ಎರಡನೆಯದು. ನಟ್‌ನಿಂದ (ಹೆಡ್‌ಸ್ಟಾಕ್ ಬಳಿ ತಂತಿ ಕೂರುವ ಸಣ್ಣ ಅಡ್ಡಪಟ್ಟಿ) ಎರಡನೇ ಫ್ರೆಟ್ 94.22, ಐದನೆಯದು 216.63, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ 431.8, ಇಪ್ಪತ್ತನೆಯದು 591.58. ಲೆಕ್ಕ ಹೀಗೆ ಹಂತ ಹಂತವಾಗಿ ಮಾಡಿದರೂ ಗುರುತು ಹಾಕುವಾಗ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ಒಂದರಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ಕೂದಲೆಳೆಯ ವ್ಯತ್ಯಾಸಗಳು ಕೂಡುತ್ತಾ ಹೋಗಿ ಕೊನೆಗೆ ಶ್ರುತಿ ಕೆಡುತ್ತದೆ. ಒಬ್ಬರು ಅಂಕಿ ಓದಲಿ, ಒಬ್ಬರು ಗೀರಲಿ, ಒಬ್ಬರು ತಪಾಸಣೆ ಮಾಡಲಿ. ಪೆನ್ಸಿಲ್ ಬೇಡ, ಚೂಪು ಚಾಕುವಿನಿಂದ ಗೀರು ಹಾಕಿ. ಗರಗಸದ ಹಲ್ಲು ಆ ಗೀರಿನಲ್ಲೇ ಕೂರುತ್ತದೆ. ಗರಗಸದ ಬಾಯಿ 0.58 ಮಿಲಿಮೀಟರ್ ಇರಲಿ. ಅಗಲವಾದರೆ ಫ್ರೆಟ್ ತಂತಿ ಕಚ್ಚಲ್ಲ.

ಹಲಸಿನಹಲಗೆ, ಬೆಂಗಳೂರು

ಇಷ್ಟೊಂದು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಧನ್ಯವಾದ. ಮೂರು ಪ್ರಶ್ನೆ ಇವೆ. ಹಲಗೆ ನಿಜವಾಗಿ ಒಣಗಿದೆಯಾ ಅಂತ ಗೊತ್ತಾಗುವುದು ಹೇಗೆ? ಅಂಟು ಯಾವುದು? ನಮ್ಮಲ್ಲಿ ಒಬ್ಬರು ಮಂಗಳೂರಿಗೆ ವರ್ಗವಾಗಿ ಹೋಗುವವರಿದ್ದಾರೆ, ಅವರ ಬೇಸ್‌ಗೆ ಬೇರೆ ಏನಾದರೂ ಮಾಡಬೇಕಾ?

ಕಡಲತೀರ, ಮಂಗಳೂರು

ಮೂರನೆಯದಕ್ಕೆ ನಾನು ಹೇಳುತ್ತೇನೆ. ಮರ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಳ್ಳುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಒಣಗಿದ ನೆಕ್ ಜೂನ್‌ನಲ್ಲಿ ಇಲ್ಲಿಗೆ ಬಂದರೆ ತೇವ ಕುಡಿದು ಹಿಗ್ಗುತ್ತದೆ. ಟ್ರಸ್ ರಾಡ್ (ನೆಕ್‌ನೊಳಗೆ ಕೂತು ಅದರ ಬಾಗು ಸರಿಮಾಡುವ ಲೋಹದ ಕಡ್ಡಿ) ಎರಡೂ ಕಡೆಗೆ ಕೆಲಸ ಮಾಡುವಂಥದ್ದೇ ಹಾಕಿ. ಹಳೇ ಮಾದರಿಯ ಒಂಟಿ ರಾಡ್ ಬಿಗಿದರೆ ತಂತಿಯ ಎಳೆತಕ್ಕೆ ಎದುರಾಗಿ ಹಿಂದಕ್ಕೆ ಮಾತ್ರ ಬಗ್ಗಿಸುತ್ತದೆ. ನೆಕ್ ತಾನಾಗಿ ಹಿಂದಕ್ಕೆ ಬಾಗಿದರೆ ಅದರಿಂದ ಏನೂ ಮಾಡಲು ಆಗಲ್ಲ.

ಇಲ್ಲಿಂದ ಬೆಂಗಳೂರಿಗೆ ಹೋದರೆ ಉಲ್ಟಾ. ಬೇಸಿಗೆಯಲ್ಲಿ ಫ್ರೆಟ್‌ಬೋರ್ಡ್ ಅಗಲದಲ್ಲಿ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗಲ್ಲ, ಅದರ ತುದಿ ಹೊರಗೆ ಇಣುಕಿ ಅಂಗೈ ಗೀರುತ್ತದೆ. ಮರ ಹಾಳಾಗಿದೆ ಅಂತ ಗಾಬರಿ ಬೇಡ. ಒಂದು ಸಲ ಸಣ್ಣ ಅರದಿಂದ ತುದಿ ಉಜ್ಜಿದರೆ ಸರಿಹೋಗುತ್ತದೆ. ನೆಕ್‌ಗೆ ಫಿನಿಶ್ ಹಾಕುವಾಗ ಎಲ್ಲ ಕಡೆ ಹಾಕಿ. ಬುಡದ ತುದಿ, ಟ್ರಸ್ ರಾಡ್ ಬಾಯಿ, ಟ್ಯೂನರ್ ತೂತುಗಳ ಒಳಗೆ ಕೂಡ. ತೇವ ನುಗ್ಗುವುದು ಎಳೆಯ ತುದಿಯಿಂದಲೇ ಜಾಸ್ತಿ.

ಮಲೆನಾಡಮರ, ಶಿರಸಿ

ಒಣಗಿದೆಯಾ ಅಂತ ತಿಳಿಯಲು ತೇವ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು. ಬೆಂಗಳೂರಿಗೆ 10-12 ಶೇಕಡ ಅಂತ ತೋರಿಸಿದರೆ ಧೈರ್ಯವಾಗಿ ಕೊಯ್ಯಿರಿ. ಮೀಟರ್ ಇಲ್ಲದಿದ್ದರೆ ಅಡುಗೆ ಮನೆಯ ತಕ್ಕಡಿ ಸಾಕು. ಹಲಗೆಯನ್ನು ಅಳತೆಗಿಂತ ಒಂದಿಂಚು ಜಾಸ್ತಿ ಬಿಟ್ಟು ಕೊಯ್ದು, ಶೆಡ್‌ನಲ್ಲೇ ಗಾಳಿ ಆಡುವ ಹಾಗೆ ನಡುವೆ ರಿಪೀಸು ಕೊಟ್ಟು ಜೋಡಿಸಿ. ವಾರಕ್ಕೊಮ್ಮೆ ತೂಗಿ, ಹಲಗೆಯ ಮೇಲೇ ಪೆನ್ಸಿಲ್‌ನಲ್ಲಿ ತಾರೀಕು, ತೂಕ ಬರೆಯಿರಿ. ಸತತ ಕೆಲವು ವಾರ ಅದೇ ತೂಕ ಬಂತೆಂದರೆ ಮರ ನಿಮ್ಮ ಶೆಡ್‌ನ ಹವೆಗೆ ಹೊಂದಿಕೊಂಡಿದೆ ಅಂತ ಅರ್ಥ. ಅಟ್ಟದ ಮೇಲೆ ವರ್ಷಗಟ್ಟಲೆ ಇತ್ತು ಅಂದಿರಿ. ಆದರೆ ಅದು ತೀರ್ಥಹಳ್ಳಿಯ ಅಟ್ಟ, ಅಲ್ಲಿಯ ಮಳೆ ಬೇರೆ. ಆತುರ ಬೇಡ.

ನೆಕ್‌ಗೆ ಅಂತ ತೇಗ ಹುಡುಕುವಾಗ ಹಳೇ ಮನೆ ಕೆಡವುವವರ ಹತ್ತಿರ ಒಮ್ಮೆ ನೋಡಿ. ತೊಲೆ, ಬಾಗಿಲ ಚೌಕಟ್ಟು, ಜಂತೆ, ಇವು ದಶಕಗಳಿಂದ ಒಣಗಿ ಕೂತಿರುತ್ತವೆ. ಇನ್ನು ಬಾಗುವುದು ಕಡಿಮೆ. ಚೇಗಿನ ಭಾಗವನ್ನೇ ಆರಿಸಿ, ಬಿಳಿ ಹೊರಮರ ಬೇಡ. ತುದಿಯಲ್ಲಿ ನೋಡಿದರೆ ವರ್ಷದ ಉಂಗುರಗಳು ಕಾಣುತ್ತವೆ. ಅವು ಹತ್ತಿರ ಹತ್ತಿರ ಇರಲಿ, ಪಟ್ಟಿಯ ಅಗಲ ಮೈಗೆ ಆದಷ್ಟು ನೇರವಾಗಿ ನಿಂತಿರಲಿ.

ಉಳಿಕೊಡತಿ, ಮೈಸೂರು

ಹಳೇ ತೊಲೆ ಅಂದರೆ ಮೊಳೆ ಇದ್ದೇ ಇರುತ್ತದೆ. ತಲೆ ಮುರಿದು ಒಳಗೇ ಉಳಿದದ್ದು ಕಣ್ಣಿಗೆ ಕಾಣಲ್ಲ. ದಾರಕ್ಕೆ ಕಟ್ಟಿದ ಬಲವಾದ ಅಯಸ್ಕಾಂತವನ್ನು ಮರದ ಮೇಲೆ ಅಂಗುಲ ಅಂಗುಲವಾಗಿ ಆಡಿಸಿ. ಕಪ್ಪು ನೀಲಿ ಕಲೆ ಕಂಡರೆ ಅಲ್ಲಿ ಕಬ್ಬಿಣ ಇದೆ ಅಂತಲೇ ತಿಳಿಯಿರಿ. ಬ್ಯಾಂಡ್‌ಸಾ ಬ್ಲೇಡ್ ಮೊಳೆಗೆ ಸಿಕ್ಕರೆ ಹೋಗುವುದು ಬ್ಲೇಡ್ ಒಂದೇ ಅಲ್ಲ, ಪಕ್ಕದಲ್ಲಿ ನಿಂತವರ ಮುಖವೂ ಅಪಾಯದಲ್ಲಿರುತ್ತದೆ.

ಅಂಟಿನ ವಿಷಯ. ಕಪಾಟಿಗೆ ಹಾಕುವ ಸಾಮಾನ್ಯ ಬಿಳಿ ಫೆವಿಕಾಲ್ ಬಾಡಿಯ ಎರಡು ಹಲಗೆ ಜೋಡಿಸಲು ಸಾಕು. ನೆಕ್‌ನ ಪಟ್ಟಿಗೆ, ಫ್ರೆಟ್‌ಬೋರ್ಡ್‌ಗೆ ಅದು ಬೇಡ. ಬಿಳಿ ಅಂಟು ಒಣಗಿದ ಮೇಲೂ ಸ್ವಲ್ಪ ಮೆತ್ತಗಿರುತ್ತದೆ. ಎಡೆಬಿಡದ ಎಳೆತದಲ್ಲಿ ನಿಧಾನವಾಗಿ ಜಾರುತ್ತದೆ. ಹಳದಿ ಬಣ್ಣದ ಅಲಿಫ್ಯಾಟಿಕ್ ರೆಸಿನ್ ಅಂಟು ತರಿಸಿಕೊಳ್ಳಿ, ಟೈಟ್‌ಬಾಂಡ್ ಒರಿಜಿನಲ್ ಥರದ್ದು. ಹಳೇ ಬಡಗಿಗಳು ಬಳಸುತ್ತಿದ್ದ ಮರವಜ್ರವೂ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು) ಒಣಗಿದರೆ ಕಲ್ಲು. ಆದರೆ ಬಿಸಿ ಮಾಡಿ, ಆರುವ ಮುಂಚೆ ಜೋಡಿಸಬೇಕು. ಅಭ್ಯಾಸ ಇಲ್ಲದವರಿಗೆ ಅದು ಕಷ್ಟ.

ಕಡಲತೀರ ಅವರು ಹೇಳಿದ ಎರಡೂ ಕಡೆಯ ಟ್ರಸ್ ರಾಡ್‌ಗೆ 6 ಮಿಲಿಮೀಟರ್ ಅಗಲದ ಕಾಲುವೆ ಬೇಕು. ನೆಕ್ ಇನ್ನೂ ಚೌಕದ ದಿಮ್ಮಿಯಾಗಿರುವಾಗಲೇ ಕೊರೆಯಿರಿ. ಆಕಾರ ಕತ್ತರಿಸಿದ ಮೇಲೆ ನೇರ ಅಂಚು ಇರಲ್ಲ, ರೌಟರ್‌ಗೆ ಆಸರೆ ಸಿಗಲ್ಲ. ತಂತಿ ಕಟ್ಟಿ ಶ್ರುತಿ ಮಾಡಿದ ಮೇಲೆ ಮೊದಲ ಮತ್ತು ಕೊನೆಯ ಫ್ರೆಟ್ ಮೇಲೆ ಇ ತಂತಿಯನ್ನು ಒತ್ತಿ ಹಿಡಿದು, ಎಂಟನೇ ಫ್ರೆಟ್ ಹತ್ತಿರ ಫೀಲರ್ ಗೇಜ್ ತೂರಿಸಿ. 0.3 ಮಿಲಿಮೀಟರ್ ಸಂದು ಇದ್ದರೆ ಸಾಕು.

ತಂತಿಪ್ರಿಯ, ಹುಬ್ಬಳ್ಳಿ

ವೈರಿಂಗ್‌ಗೆ ಹೆದರಬೇಡಿ, ಸುಮ್ನೆ ಅರ್ಧ ದಿನದ ಕೆಲಸ. ಜಾಝ್ ಬೇಸ್‌ಗೆ ಎರಡು ಸಿಂಗಲ್ ಕಾಯಿಲ್ ಪಿಕಪ್, ಮೂರು 250ಕೆ ಪಾಟ್ (ಸದ್ದು, ಟೋನ್ ಬದಲಿಸಲು ತಿರುಗಿಸುವ ಭಾಗ), ಒಂದು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಒಂದು ಜ್ಯಾಕ್. ಗುಂಡಿಗಳ ಒಳಗೆ ತಾಮ್ರದ ಟೇಪ್ ಅಂಟಿಸಿ, ತುಂಡು ತುಂಡಿನ ನಡುವೆ ಬೆಸುಗೆ ಹಾಕಿ. ಬ್ರಿಡ್ಜ್ ಕೆಳಗಿನಿಂದ ಒಂದು ಗ್ರೌಂಡ್ ವೈರ್ ಗುಂಡಿಗೆ ಬರಲೇಬೇಕು. ಆ ಉದ್ದ ತೂತನ್ನು ಬ್ರಿಡ್ಜ್ ಕೂರಿಸುವ ಮುಂಚೆ ಕೊರೆದುಬಿಡಿ. ಆ ವೈರ್ ಇಲ್ಲದಿದ್ದರೆ ತಂತಿ ಮುಟ್ಟಿದರೂ ಗುಯ್ ಅನ್ನುವುದು ಕಡಿಮೆಯಾಗಲ್ಲ.

ಬ್ರಿಡ್ಜ್ ಜಾಗ ಗುರುತು ಮಾಡುವಾಗ ಸರಿಯಾಗಿ 34 ಇಂಚಿಗೆ ಎಲ್ಲವನ್ನೂ ಕೂರಿಸಬೇಡಿ. ಜಿ ತಂತಿಯ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಹೆಚ್ಚುಕಡಿಮೆ ಅಲ್ಲೇ ಬರುತ್ತದೆ. ಇ ತಂತಿ ದಪ್ಪ, ಅದರ ಸ್ಯಾಡಲ್ ಕೆಲವು ಮಿಲಿಮೀಟರ್ ಹಿಂದೆ ಹೋಗಬೇಕು. ಸ್ಯಾಡಲ್ ಎರಡೂ ಕಡೆ ಸರಿಯಲು ಜಾಗ ಇರುವ ಹಾಗೆ ನೋಡಿಕೊಳ್ಳಿ.

ಮತ್ತೆ, ಬಾಡಿಯ ಮೇಲಿನ ಕೊಂಬು ಉದ್ದ ಬಿಡಿ. ಹೆಗಲ ಬೆಲ್ಟ್ ಸಿಕ್ಕಿಸುವ ಬಟನ್ ಹನ್ನೆರಡನೇ ಫ್ರೆಟ್‌ನ ನೇರಕ್ಕೆ ಬಂದರೆ ಬೇಸ್ ಹೆಗಲ ಮೇಲೆ ಸಮವಾಗಿ ನಿಲ್ಲುತ್ತದೆ. ಗಂಧಗರಿಗೆಯಂಥ ಹಗುರ ಬಾಡಿ ಹಾಕುವವರಿಗೆ ಇದು ಇನ್ನೂ ಮುಖ್ಯ. ಕೊಂಬು ಗಿಡ್ಡವಾದರೆ ನೆಕ್ ನೆಲಕ್ಕೆ ಬಾಗಿ, ನುಡಿಸುವ ಎಡಗೈಯೇ ಅದನ್ನು ಹೊರಬೇಕಾಗುತ್ತದೆ.

ಮೇಳದಮನೆ, ಮೈಸೂರು

ನಾಬ್‌ಗಳಿಗೆ ಒಂದು ಸಲಹೆ. ಪ್ಲಾಸ್ಟಿಕ್ ಬೇಡ, ಚನ್ನಪಟ್ಟಣದಲ್ಲಿ ಮಾಡಿಸಿ. ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಕೊನೆಗೆ ಕೇದಗೆ ಎಲೆಯಿಂದ ಹೊಳಪು. ಪಾಟ್‌ನ ಕಡ್ಡಿ 6 ಮಿಲಿಮೀಟರ್, ಹಲ್ಲಿರುವುದಕ್ಕಿಂತ ನಯವಾದ ಕಡ್ಡಿಯದ್ದನ್ನೇ ಕೊಂಡು, ಒಂದು ಪಾಟ್ ಅನ್ನು ಅವರ ಕೈಗೇ ಕೊಟ್ಟು ಬನ್ನಿ. ಅಳತೆ ಹೇಳುವುದಕ್ಕಿಂತ ಅದು ಖಚಿತ.

ಹಲಸಿನಹಲಗೆ, ಬೆಂಗಳೂರು

ನಾಲ್ವರೂ ಕೂತು ಇಡೀ ಚರ್ಚೆ ಓದಿದೆವು. ಎರಡು ಬಾಡಿ ಹಲಸು, ಒಳಗೆ ಕೊರೆದು. ಮಂಗಳೂರಿಗೆ ಹೋಗುವವರದ್ದು ಗಂಧಗರಿಗೆ. ನಾಲ್ಕನೆಯವರು ಸಿಲ್ವರ್ ಓಕ್‌ಗೆ ಮನಸ್ಸು ಮಾಡಿದ್ದಾರೆ, ಫ್ರೆಟ್‌ಲೆಸ್ ಕೂಡ ಅವರದ್ದೇ. ನೆಕ್ ಎಲ್ಲರದ್ದೂ ತೇಗ, ಒಂದೇ ತೊಲೆಯಿಂದ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಲ್ಲಿ ಹಳೇ ತೊಲೆ ಮಾರುವವರೊಬ್ಬರು ಬಿಲ್ ಕೊಡುತ್ತೇವೆ ಅಂದಿದ್ದಾರೆ. ಮಲೆನಾಡಮರ ಅಕ್ಕ, ಗಂಧಗರಿಗೆ ನಿಮ್ಮ ಕಡೆ ಡಿಪೋದಲ್ಲಿ ಸಿಗುತ್ತಾ?

ಮಲೆನಾಡಮರ, ಶಿರಸಿ

ವಿಚಾರಿಸುತ್ತೇನೆ. ಸಿಕ್ಕರೆ 22 ಇಂಚು ಉದ್ದ, ಎರಡೂಕಾಲು ಇಂಚು ದಪ್ಪ ತೆಗೆಸಿಡುತ್ತೇನೆ. ಅಗಲ ಒಂದೇ ಹಲಗೆಯಲ್ಲಿ ಬರುವುದು ಕಷ್ಟ, ಎಂಟೆಂಟು ಇಂಚಿನ ಎರಡು ತುಂಡು ಜೋಡಿಸಿಕೊಳ್ಳಿ. ತುದಿಗಳಿಗೆ ಮೇಣ ಹಚ್ಚಿಸಿ, ಬಿಲ್ ಜೊತೆಗೇ ಕಳಿಸುತ್ತೇನೆ.

ಶೆಡ್‌ನಲ್ಲಿ ಧೂಳು ಹೀರುವ ವ್ಯವಸ್ಥೆ ಇದೆಯಾ? ಬೀಟೆಯ ಪುಡಿ ಕೆಲವರ ಚರ್ಮಕ್ಕೆ ಆಗಲ್ಲ, ತುರಿಕೆ ಎದ್ದರೆ ಆಮೇಲೆ ಪ್ರತಿ ಸಲವೂ ಏಳುತ್ತದೆ. ಎಂಡಿಎಫ್ ಧೂಳು ಅದಕ್ಕಿಂತ ಸಣ್ಣ, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಬಟ್ಟೆ ಮಾಸ್ಕ್ ಸಾಲದು.

ಹಲಸಿನಹಲಗೆ, ಬೆಂಗಳೂರು

ರೌಟರ್‌ಗೆ ವ್ಯಾಕ್ಯೂಮ್ ಜೋಡಿಸಿದ್ದೇವೆ, ಬ್ಯಾಂಡ್‌ಸಾಗೆ ಇನ್ನೂ ಇಲ್ಲ. ಈ ಶನಿವಾರ ಅದನ್ನೇ ಮೊದಲು ಮಾಡುತ್ತೇವೆ. ನಾಲ್ವರಿಗೂ ಎನ್95 ತಂದಿಟ್ಟಿದ್ದೇನೆ. ಟೆಂಪ್ಲೇಟ್‌ಗೆ ಎಂಡಿಎಫ್ ಕೊಯ್ಯುವುದು ಅದಾದ ಮೇಲೆ. ಗುಂಡಿಗಳ ಅಳತೆ ಬರೆದು ಫೋಟೋ ಹಾಕುತ್ತೇನೆ. ಉಳಿಕೊಡತಿ ಸರ್, ಕತ್ತರಿಸುವ ಮುಂಚೆ ಒಂದು ಸಲ ನೋಡಿ ಹೇಳಿ.

ಉಳಿಕೊಡತಿ, ಮೈಸೂರು

ಖಂಡಿತ. ನೆಕ್ ಗುಂಡಿಯ ಅಳತೆಯನ್ನು ಮಾತ್ರ ಫೋಟೋದಲ್ಲಿ ಹಾಕಬೇಡಿ. ಅದನ್ನು ನೆಕ್ ಮಾಡಿ ಮುಗಿಸಿದ ಮೇಲೆ, ಆಯಾ ನೆಕ್‌ನ ಬುಡವನ್ನೇ ಇಟ್ಟು ಗೀರಿ ತೆಗೆಯಬೇಕು. ಕೈಯಿಂದ ಉಜ್ಜಿದ ನಾಲ್ಕು ಬುಡಗಳು ಒಂದೇ ಅಳತೆಗೆ ಬರಲ್ಲ.